ಜುಲೈನಲ್ಲಿ ಇಟಲಿಯ ಕಡಲಂಚಿನ ಚಿಂಕ್ವೆ ತೆರ್ರೆಯ ಐದೂ ಊರುಗಳನ್ನು ಒಂದೇ ದಿನದಲ್ಲಿ ನಡೆದು ಮುಗಿಸಬಹುದೇ? ಕುಮಾರಪರ್ವತ ಹತ್ತಿದವರಿಗೆ ಇದು ಕಷ್ಟವೇ?

'12 ಕಿ.ಮೀ. ತಾನೇ, ರಾತ್ರಿ 9ರವರೆಗೂ ಬೆಳಕಿರುತ್ತೆ, ಹೋಟೆಲ್ ತಿಂಡಿ ಮುಗಿಸಿಕೊಂಡು ಆರಾಮಾಗಿ ಹೊರಡ್ತೀವಿ' ಅಂತ ಬರೆದಿದ್ದೀರಲ್ಲ, ಅದನ್ನು ಓದಿಯೇ ಉತ್ತರಿಸಲು ಕೂತೆ. ಇದೇ ಮಾತನ್ನು ನಾನು ನಮ್ಮ ಭಾವನಿಗೆ ಹೇಳಿದ್ದೆ.

ಆಗ ನಾನು ಮಿಲಾನಿನಲ್ಲಿ ಓದುತ್ತಿದ್ದೆ. ಅಕ್ಕ, ಭಾವ ಶಿವಮೊಗ್ಗದಿಂದ ಬಂದಿದ್ದರು, ಜುಲೈ ತಿಂಗಳು. ಭಾವ ಕೊಡಚಾದ್ರಿ, ಕುಮಾರಪರ್ವತ ಎಲ್ಲ ಹತ್ತಿದ ಆಸಾಮಿ. ಐದರಲ್ಲಿ ಮೊದಲ ಊರು ಮಾಂಟೆರೋಸ್ಸೋದಲ್ಲಿ ರೈಲಿಳಿದು, ಕಾಫಿ ಕುಡಿದು, ಕಡಲಲ್ಲಿ ಕಾಲು ನೆನೆಸಿ, ಫೋಟೋ ತೆಗೆಸಿಕೊಂಡು ನಡೆಯಲು ಶುರು ಮಾಡುವಾಗ ಗಂಟೆ ಹನ್ನೊಂದೂವರೆ. ಸಂಜೆ 7ರ ಸುಮಾರಿಗೆ ಮಿಲಾನಿಗೆ ವಾಪಸ್ ರೈಲು. ಸಾಕಷ್ಟು ಹೊತ್ತಿದೆ ಅನ್ನಿಸಿತ್ತು.

ನನ್ನ ಲೆಕ್ಕ ಹೀಗಿತ್ತು: ಹನ್ನೆರಡರಿಂದ ಎರಡರವರೆಗೆ ಬಿಸಿಲು ಜೋರಾಗಿರುತ್ತೆ, ಹೇಗೋ ತಡೆದುಕೊಂಡರೆ ಮೂರಕ್ಕೆ ಇಳಿಯೋಕೆ ಶುರು, ನಾಲ್ಕಕ್ಕೆ ತಂಪು. ಇದು ಶಿವಮೊಗ್ಗದ ಲೆಕ್ಕ. ಇಟಲಿಯಲ್ಲಿ ಬೇಸಿಗೆಗೆ ಗಡಿಯಾರವನ್ನು ಒಂದು ಗಂಟೆ ಮುಂದೆ ಇಟ್ಟಿರುತ್ತಾರೆ, ಅದರ ಮೇಲೆ ಆ ಕರಾವಳಿ ಅವರ ಟೈಮ್ ಝೋನಿನ ಮಧ್ಯರೇಖೆಗಿಂತ ಪಶ್ಚಿಮಕ್ಕಿದೆ. ಹಾಗಾಗಿ ಜುಲೈನಲ್ಲಿ ಸೂರ್ಯ ನೆತ್ತಿಗೆ ಬರುವುದೇ ಸುಮಾರು ಒಂದೂವರೆಗೆ. ನಮ್ಮೂರಲ್ಲಿ ಅದು ಹನ್ನೆರಡೂವರೆ ಆಸುಪಾಸು. ಅಂದರೆ ಅಲ್ಲಿಯ ನಾಲ್ಕು ಗಂಟೆ ನಮ್ಮ ಮೂರು ಗಂಟೆ. ರಾತ್ರಿ 9ರ ಬೆಳಕು ಪುಕ್ಕಟೆ ಬರುವುದಿಲ್ಲ. ಬಿಸಿಲೂ ಅಷ್ಟೇ ತಡವಾಗಿ ಇಳಿಯುತ್ತೆ.

ಇಷ್ಟೇ ಆಗಿದ್ದರೆ ಹೇಗೋ ನಡೆಯುತ್ತಿತ್ತು. ಆ ಗುಡ್ಡಸಾಲು ನೈಋತ್ಯಕ್ಕೆ ಮುಖ ಮಾಡಿ ನಿಂತಿದೆ, ಇದನ್ನು ಮ್ಯಾಪ್ ನೋಡುವಾಗ ಯಾರೂ ಗಮನಿಸುವುದಿಲ್ಲ. ಬೆಳಿಗ್ಗೆ ಸೂರ್ಯ ಗುಡ್ಡದ ಬೆನ್ನ ಹಿಂದಿರುತ್ತಾನೆ, ದಾರಿ ಬಹುಪಾಲು ನೆರಳಲ್ಲಿರುತ್ತೆ. ಮಧ್ಯಾಹ್ನದ ಮೇಲೆ ಸಂಜೆಯವರೆಗೂ ಬಿಸಿಲು ನೇರ ಮುಖಕ್ಕೆ. ಇಡೀ ಗುಡ್ಡಕ್ಕೆ ಗಾರೆಯಿಲ್ಲದೆ ಕಲ್ಲು ಜೋಡಿಸಿ ಕಟ್ಟೆ ಕಟ್ಟಿ, ಪಟ್ಟೆ ಪಟ್ಟೆಯಾಗಿ ದ್ರಾಕ್ಷಿ, ಆಲಿವ್, ನಿಂಬೆ ಬೆಳೆದಿದ್ದಾರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಇದೇ ಭೂದೃಶ್ಯ. ನೋಡಲು ಚೆಂದವೇ, ಆದರೆ ನಾಲ್ಕೂವರೆಗೆ ಆ ಕಲ್ಲಿಗೆ ಕೈ ಇಟ್ಟರೆ ದೋಸೆ ಕಾವಲಿ. ದ್ರಾಕ್ಷಿ ಚಪ್ಪರವಾದರೂ ನೆರಳು ಕೊಡುತ್ತಾ? ಸೊಂಟದೆತ್ತರಕ್ಕೆ ಕಟ್ಟಿರುತ್ತಾರೆ, ಮಲಗಿದವನಿಗೆ ಮಾತ್ರ ನೆರಳು.

ಮಾಂಟೆರೋಸ್ಸೋದಿಂದ ಎರಡನೇ ಊರು ವೆರ್ನಾತ್ಸಾಕ್ಕೆ ಸುಮಾರು ಮೂರೂವರೆ ಕಿ.ಮೀ., ಬೋರ್ಡಿನಲ್ಲಿ ಎರಡು ಗಂಟೆ ಅಂತ ಬರೆದಿತ್ತು. ಭಾವ ನಕ್ಕರು. ಮೊದಲ ಮುಕ್ಕಾಲು ಗಂಟೆ ಬರೀ ಒರಟು ಕಲ್ಲಿನ ಮೆಟ್ಟಿಲು, ಎದುರಿನಿಂದ ಜನ ಬಂದರೆ ಗೋಡೆಗೆ ಒತ್ತಿ ನಿಲ್ಲಬೇಕು. ನಗು ಅಲ್ಲೇ ನಿಂತಿತು. ವೆರ್ನಾತ್ಸಾದಲ್ಲಿ ಊಟ ಮುಗಿಸಿ ಮತ್ತೆ ಹೊರಟಾಗ ಮೂರೂವರೆ, ತಂಪಾಗುವ ಹೊತ್ತು ಅಂದುಕೊಂಡು! ಪ್ರೇವೊ ಅನ್ನುವ ನಾಲ್ಕು ಮನೆಯ ಊರಿನ ಏರಿನಲ್ಲಿ ಭಾವನ ಎರಡೂ ಮೀನಖಂಡ ಹಿಡಿದುಕೊಂಡವು, ಆಮೇಲೆ ವಾಂತಿ. ಬಾಟಲಿಯಲ್ಲಿ ನೀರು ತಳ ಹತ್ತಿತ್ತು. "ಝರಿ ಸಿಗುತ್ತೆ ಅಂದ್ಯಲ್ಲೋ, ಎಲ್ಲೋ ಝರಿ?" ಅಂತ ಅಕ್ಕ ಕೇಳಿದಳು. ಮಳೆ ಅಲ್ಲಿ ಬರುವುದು ಶರತ್ಕಾಲದಿಂದಾಚೆ. ಜುಲೈ ಅಂದರೆ ಒಣ ಪಾಪಾಸುಕಳ್ಳಿ, ಧೂಳು, ಜೀರುಂಡೆ ಸದ್ದು. ಭಾವನನ್ನು ಕೂರಿಸಿ, ಬ್ಯಾಗಿನಲ್ಲಿದ್ದ ಹುರಿದವಲಕ್ಕಿಯನ್ನು ಉಪ್ಪಿಗಾಗಿ ತಿನ್ನಿಸಿ, ದಾರಿಹೋಕರಿಂದ ನೀರು ಬೇಡಿ, ಮೂರನೇ ಊರು ಕೊರ್ನೀಲ್ಯ ಮುಟ್ಟುವಾಗ ಏಳು ಕಳೆದಿತ್ತು. ಬದಲಾಯಿಸಲಾಗದ ಟಿಕೆಟ್ ಮೂರು ಹೋಯಿತು. ಜುಲೈ ರೇಟಿನಲ್ಲಿ ರೂಮು ಹಿಡಿದದ್ದಕ್ಕೆ ನನ್ನ ಆ ತಿಂಗಳ ದಿನಸಿ ದುಡ್ಡು ಹೋಯಿತು.

ಕುಮಾರಪರ್ವತದ ಹುಲ್ಲುಗಾವಲಲ್ಲೂ ನೆರಳಿಲ್ಲ ಅಂತೀರಿ. ನಿಜ, ಆದರೆ ಅಲ್ಲಿ ನಡೆದದ್ದು ನವೆಂಬರಲ್ಲೋ ಡಿಸೆಂಬರಲ್ಲೋ ಅಲ್ಲವೇ? ಕಾಲಿನ ಶಕ್ತಿಯ ಪ್ರಶ್ನೆಯೇ ಅಲ್ಲ ಇದು.

ಇನ್ನು ಐದೂ ಊರು ಮುಗಿಸುವ ಹಟ ಯಾಕೆ? 12 ಕಿ.ಮೀ. ಅನ್ನುವುದು ಕಡಲಂಚಿನ ಹಳೆ ದಾರಿಯ ಲೆಕ್ಕ. ಕೊರ್ನೀಲ್ಯ–ಮನರೋಲಾ ನಡುವಿನ ಕೆಳದಾರಿ ಗುಡ್ಡ ಕುಸಿದು ಮುಚ್ಚಿ ವರ್ಷಗಳಾದವು. ಅದರ ಬದಲು ಸಮುದ್ರಮಟ್ಟದಿಂದ 300 ಮೀಟರಿಗೂ ಮೇಲಿರುವ ವೊಲಾಸ್ತ್ರಾ ಊರಿನವರೆಗೆ ಹತ್ತಿ ಇಳಿಯಬೇಕು. ಮನರೋಲಾ–ರಿಯೋಮಜ್ಜೋರೆ ತುಣುಕು 2012ರ ಬಂಡೆಕುಸಿತದ ನಂತರ ಮುಚ್ಚಿದ್ದು 2024ರಲ್ಲಿ ಪೂರ್ತಿ ತೆರೆಯಿತು, ಅದಕ್ಕೆ ಬೇರೆ ಟಿಕೆಟ್ಟು, ಬೇರೆ ಸಮಯ. ಐದು ಊರಿಗೂ ರೈಲಿದೆ, ಊರಿಂದೂರಿಗೆ ಕೆಲವೇ ನಿಮಿಷ.

ರಜೆ ಬದಲಾಯಿಸಲು ಸಾಧ್ಯವಿದ್ದರೆ ಮೇ ಅಥವಾ ಸೆಪ್ಟೆಂಬರ್ ಕೊನೆಗೆ ಹೋಗಿ. ಜುಲೈಯೇ ಅಂದರೆ ಹಿಂದಿನ ರಾತ್ರಿ ಅಲ್ಲೇ ಉಳಿದು, ಹೋಟೆಲ್ ತಿಂಡಿಯ ಆಸೆ ಬಿಟ್ಟು ಆರಕ್ಕೆ ಹೊರಡಿ. ನಾನಾಗಿದ್ದರೆ ಕೊರ್ನೀಲ್ಯದಿಂದ ವೊಲಾಸ್ತ್ರಾ ಮೇಲಾಗಿ ಮನರೋಲಾ, ಅದೊಂದನ್ನೇ ನಡೆಯುತ್ತಿದ್ದೆ. ದ್ರಾಕ್ಷಿ ತೋಟಗಳ ನಡುವೆಯೇ ದಾರಿ, ಗೊನೆ ಸಾಗಿಸುವ ಪುಟ್ಟ ಒಂಟಿಹಳಿ ಪಕ್ಕದಲ್ಲೇ ಗುಡ್ಡ ಹತ್ತುತ್ತದೆ, ಜನವೂ ಕಮ್ಮಿ. ಸುಸ್ತಾದರೆ ವೊಲಾಸ್ತ್ರಾದಿಂದ ಕೆಳಗೆ ಮಿನಿ ಬಸ್ ಇದೆ. ತಲಾ ಎರಡು ಲೀಟರ್ ನೀರು, ಹಿಡಿತವಿರುವ ಶೂ. ಹವಾಯಿ ಚಪ್ಪಲಿಗೆ ಅಲ್ಲಿ ದಂಡ ಹಾಕುತ್ತಾರೆ. ಯಾವ ದಾರಿ ತೆರೆದಿದೆ ಅಂತ ಹಿಂದಿನ ಸಂಜೆ ರಾಷ್ಟ್ರೀಯ ಉದ್ಯಾನದ ವೆಬ್‌ಸೈಟಿನಲ್ಲಿ ನೋಡಿಕೊಳ್ಳಿ. ಕೊರ್ನೀಲ್ಯ ಸ್ಟೇಷನ್ನಿನಿಂದ ಊರಿಗೆ 382 ಮೆಟ್ಟಿಲು, ಅದನ್ನು ಹತ್ತಿ ಶಕ್ತಿ ಕಳೆದುಕೊಳ್ಳಬೇಡಿ ಅನ್ನುತ್ತಿದ್ದೆ, ಆದರೆ ಬೆಳಿಗ್ಗೆ ಆರಕ್ಕೆ ಶಟಲ್ ಬಸ್ ನಂಬಿಕೊಂಡು ಕೂರುವ ಬದಲು ಕೊರ್ನೀಲ್ಯದಲ್ಲೇ ರೂಮು ಮಾಡಿಬಿಡಿ.