ಮನೆಯಲ್ಲೇ ಅಡುಗೆ ಮಾಡಿದರೂ ದಿನಸಿ ಬಜೆಟ್ ತಿಂಗಳ ಕೊನೆಗೆ ಮೀರುವುದೇಕೆ?

ಹೆಚ್ಚಿನ ಸಲ ಕಾರಣ ದುಬಾರಿ ಸಾಮಾನಲ್ಲ. ತಂದದ್ದು ಕೆಡುವುದು, ಮತ್ತೆ ನಡುವಾರದಲ್ಲಿ 'ಒಂದೇ ಒಂದು ಸಾಮಾನು' ಎಂದು ಅಂಗಡಿಗೆ ಹೋಗುವುದು. ಮೊದಲು ಏನು ಬೇಯಿಸಬೇಕೆಂದು ಯೋಚಿಸಿ ಆಮೇಲೆ ಖರೀದಿಸುವ ಕ್ರಮವನ್ನೇ ತಿರುಗಿಸಿ. ಮನೆಯಲ್ಲಿ ಏನಿದೆ, ಅದರಲ್ಲಿ ಯಾವುದು ಬೇಗ ಕೆಡುತ್ತದೆ ನೋಡಿ, ಅದರಿಂದ ಅಡುಗೆ ಗೊತ್ತುಮಾಡಿ, ಕೊರತೆ ಬಿದ್ದದ್ದನ್ನಷ್ಟೇ ಚೀಟಿಯಲ್ಲಿ ಬರೆಯಿರಿ. ಸೊಪ್ಪು ತಂದ ದಿನ ಅಥವಾ ಮರುದಿನ, ಮೆತ್ತಗಿನ ತರಕಾರಿ ಅದರ ನಂತರ, ಕ್ಯಾರೆಟ್, ಎಲೆಕೋಸಿನಂಥವು ವಾರದ ಕೊನೆಗೆ. ಒಣಕಾಳು ಕೊನೆಯ ಆಸರೆ: ನೆನೆಸಿ ಬೇಯಿಸಿದರೆ ತೂಕ ದುಪ್ಪಟ್ಟಿಗೂ ಮೀರುತ್ತದೆ.

ಇನ್ನು ಲೆಕ್ಕದ ಒಂದು ಸಣ್ಣ ಮೋಸ. ತಿಂಗಳ ಹಣವನ್ನು ನಾಲ್ಕರಿಂದ ಭಾಗಿಸಬೇಡಿ. ನಾಲ್ಕು ವಾರವೆಂದರೆ 28 ದಿನ. ಉಳಿದ ಎರಡು ಮೂರು ದಿನಕ್ಕೆ ದುಡ್ಡೇ ಇರುವುದಿಲ್ಲ. 30ರಿಂದ ಭಾಗಿಸಿ 7ರಿಂದ ಗುಣಿಸಿ: ತಿಂಗಳಿಗೆ 6,000 ಇದ್ದರೆ ವಾರಕ್ಕೆ 1,500 ಅಲ್ಲ, 1,400. ಎಣ್ಣೆ, ಉಪ್ಪಿನಂಥ ತಿಂಗಳಿಗೊಮ್ಮೆ ತರುವ ಸಾಮಾನಿನ ಹಣವನ್ನು ಈ ಲೆಕ್ಕಕ್ಕೂ ಮೊದಲೇ ತೆಗೆದಿಡಿ.

ದೊಡ್ಡ ಪ್ಯಾಕೆಟ್ ಅಗ್ಗ ಅನ್ನುವುದು ಪೂರ್ತಿ ಬಳಸಿದರೆ ಮಾತ್ರ ನಿಜ. ಬೆಲೆಯನ್ನು ಗ್ರಾಂನಿಂದ ಭಾಗಿಸಿ ಹೋಲಿಸಿ. ಕಾಲು ಭಾಗ ಬಿಸಾಡಿದರೆ, ಬಳಸಿದ ಪ್ರತಿ ಗ್ರಾಂಗೆ ನೀವು ಕೊಟ್ಟದ್ದು ಮೂರನೇ ಒಂದು ಭಾಗ ಜಾಸ್ತಿ. ಉಳಿದ ಅಡುಗೆಯನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗಿಟ್ಟು, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಡಬ್ಬಿಯನ್ನು ಮುಂದುಗಡೆಯೇ ಇಡಿ, ಹಿಂದೆ ಸರಿದದ್ದು ಮರೆತೇಹೋಗುತ್ತದೆ.