90 ಎಂಬಿ ಬ್ಲಾಗ್ ಎಕ್ಸ್‌ಪೋರ್ಟ್ ಫೈಲ್ ಹೊಸ ಹೋಸ್ಟಿಂಗ್‌ಗೆ ಅಪ್‌ಲೋಡ್ ಆಗುತ್ತಿಲ್ಲ, 2 ಎಂಬಿ ಮಿತಿ ಹೆಚ್ಚಿಸುವುದು ಹೇಗೆ?

ಮಿತಿ ಹೆಚ್ಚಿಸುವ ಪ್ಲಗಿನ್ ಹಾಕಲಾ, ಇಲ್ಲಾ ದೊಡ್ಡ ಪ್ಲ್ಯಾನ್ ಕೊಳ್ಳಲಾ ಅಂತ ಕೇಳಿದ್ದೀರಿ. ಎರಡೂ ಬೇಡ. ಆ ದಾರಿಯಲ್ಲಿ ನಾನು ಹೋಗಿ ಬಂದಿದ್ದೇನೆ, ಸುಮಾರು ಮುನ್ನೂರು ಚಿತ್ರ ಕಳೆದುಕೊಂಡು.

ನನ್ನದೂ ವರ್ಡ್‌ಪ್ರೆಸ್ ಬ್ಲಾಗೇ. 640 ಬರಹ, 2,200ರಷ್ಟು ಚಿತ್ರ, 74 ಎಂಬಿ ಫೈಲು. ಡೊಮೇನೂ ಹೊಸದು, ಹೋಸ್ಟಿಂಗೂ ಹೊಸದು. ನಿಮ್ಮ ಹಾಗೇ ಮೊದಲು ಮಿತಿಯ ಬೆನ್ನು ಹತ್ತಿದೆ. ವರ್ಡ್‌ಪ್ರೆಸ್ ಓಡುವುದು ಪಿಎಚ್‌ಪಿ ಅನ್ನುವ ಭಾಷೆಯಲ್ಲಿ, ಅದರಲ್ಲಿ ನಾವು ಏನೂ ಬದಲಾಯಿಸದಿದ್ದರೆ ಅಪ್‌ಲೋಡ್ ಮಿತಿ 2 ಎಂಬಿ. ಅದನ್ನು 128 ಮಾಡಿದೆ. ಮತ್ತೆ ಫೈಲು ಕೊಟ್ಟರೆ ಏನಂದಿತು ಗೊತ್ತಾ? ಈ ಫೈಲು ಖಾಲಿ ಇದೆ, ಸ್ವಲ್ಪ ಸರಕು ಇರುವುದನ್ನು ಕೊಡಿ ಅಂತ! ಎಂಟು ವರ್ಷ ಬರೆದದ್ದೆಲ್ಲ ಖಾಲಿ ಅನ್ನಿಸಿಕೊಂಡಿತು. ಹುಡುಕಿದ ಮೇಲೆ ತಿಳಿಯಿತು, 'ಪೋಸ್ಟ್ ಮ್ಯಾಕ್ಸ್ ಸೈಜ್' ಅಂತ ಇನ್ನೊಂದು ಮಿತಿ ಇದೆ, ಅದು 8 ಎಂಬಿ. ಅದನ್ನು ಮೀರಿದರೆ ಪಿಎಚ್‌ಪಿ ಬಂದದ್ದನ್ನೆಲ್ಲ ಚೆಲ್ಲಿಬಿಡುತ್ತದೆ, ವರ್ಡ್‌ಪ್ರೆಸ್ ಕೈಗೆ ಏನೂ ಸಿಗುವುದಿಲ್ಲ. ಎಂಜಿನ್‌ಎಕ್ಸ್ ಅನ್ನುವ ವೆಬ್ ಸರ್ವರ್ ಸಾಫ್ಟ್‌ವೇರ್ ಇರುವ ಕಡೆ ಅದರದ್ದೂ ಒಂದು 1 ಎಂಬಿ ಮಿತಿ ಇರುತ್ತದೆ. 413 ಅನ್ನುವ ಎರರ್ ಕಂಡರೆ ಅದು ಈ ಗಿರಾಕಿ.

ಅಂತೂ ಎಲ್ಲ ಮಿತಿ ಏರಿಸಿ ಫೈಲು ಹತ್ತಿಸಿದೆ. ಚಿತ್ರಗಳನ್ನೂ ಇಳಿಸಿಕೋ ಅನ್ನುವ ಟಿಕ್ ಹಾಕಿ ಬಟನ್ ಒತ್ತಿದೆ. ಸುಮಾರು ಹೊತ್ತು ಸುತ್ತಿ ಪುಟ ಬಿಳಿಯಾಗಿ ನಿಂತಿತು. ನೋಡಿದರೆ ನೂರು ಚಿಲ್ಲರೆ ಬರಹ ಬಂದಿವೆ. ಮತ್ತೆ ಒತ್ತಿದೆ. 'ಇದು ಈಗಾಗಲೇ ಇದೆ' ಅಂತ ಉದ್ದಕ್ಕೆ ಸಾಲು ಬಂದು, ಆಮೇಲೆ ಹೊಸ ಬರಹ ಬಂದು, ಮತ್ತೆ ಬಿಳಿ ಪುಟ. ಓಹೋ, ನಿಂತಲ್ಲಿಂದ ಮುಂದುವರಿಯುತ್ತದೆ, ಎಷ್ಟು ಜಾಣ ಸಾಫ್ಟ್‌ವೇರ್ ಅಂದುಕೊಂಡೆ. ಆರನೇ ಸಲಕ್ಕೆ 'ಎಲ್ಲ ಮುಗಿಯಿತು' ಅನ್ನುವ ಸಾಲು ಬಂತು. ಎಣಿಸಿದೆ, 640ಕ್ಕೆ 640. ಹತ್ತಿಪ್ಪತ್ತು ಬರಹ ತೆರೆದು ನೋಡಿದೆ. ಚಿತ್ರಗಳೆಲ್ಲ ಕಾಣುತ್ತಿದ್ದವು. ಎರಡು ತಿಂಗಳು ಬಿಟ್ಟು ಹಳೇ ಹೋಸ್ಟಿಂಗ್ ನಿಲ್ಲಿಸಿದೆ. ಮಾರನೇ ದಿನ ಬ್ಲಾಗ್ ತೆರೆದರೆ ಚಿತ್ರ ಇರಬೇಕಾದ ಕಡೆಯೆಲ್ಲ ಒಡೆದ ಚಿತ್ರದ ಗುರುತು.

ಒಂದರ ಮೇಲೆ ರೈಟ್ ಕ್ಲಿಕ್ ಮಾಡಿ ಅದರ ವಿಳಾಸ ಕಾಪಿ ಮಾಡಿದೆ. ಹಳೇ ಡೊಮೇನು! ಅಂದರೆ ಈ ಎರಡು ತಿಂಗಳೂ ಹೊಸ ಬ್ಲಾಗಿನಲ್ಲಿ ನಾನು ನೋಡುತ್ತಿದ್ದದ್ದು ಹಳೇ ಸರ್ವರ್‌ನಿಂದ ಬರುತ್ತಿದ್ದ ಚಿತ್ರ.

ಇದು ಯಾಕೆ ಹೀಗಾಯಿತು ಅಂತ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಬೇಜಾರಾದರೂ ಓದಿ. ಆ ಎಕ್ಸ್‌ಪೋರ್ಟ್ ಫೈಲಿನಲ್ಲಿ ಚಿತ್ರಗಳೇ ಇರುವುದಿಲ್ಲ. ಅದು ಬರೀ ಅಕ್ಷರ ತುಂಬಿದ ಎಕ್ಸ್‌ಎಂಎಲ್. ಬರಹ, ಕಾಮೆಂಟು, ವರ್ಗ, ಪುಟ ವಿನ್ಯಾಸ ಮಾಡುವ ಪೇಜ್ ಬಿಲ್ಡರ್ ಪ್ಲಗಿನ್‌ಗಳು ತುಂಬಿಸಿಟ್ಟ ಕಸ, ಇಷ್ಟೇ. ಚಿತ್ರದ್ದು ವಿಳಾಸ ಮಾತ್ರ. ನಿಮ್ಮ 90 ಎಂಬಿಯೊಳಗೂ ಒಂದು ಫೋಟೋ ಇಲ್ಲ. ಆ ಫೈಲನ್ನು ಒಳಗೆ ತೆಗೆದುಕೊಳ್ಳುವ ಇಂಪೋರ್ಟರ್ ಏನು ಮಾಡುತ್ತದೆ ಅಂದರೆ, ಒಂದೊಂದೇ ಚಿತ್ರಕ್ಕೆ ಹಳೇ ಸೈಟಿಗೆ ಹೋಗಿ ಅದನ್ನು ತಂದು, ಹೊಸ ಫೋಲ್ಡರಿನಲ್ಲಿಟ್ಟು, ಸಣ್ಣ ದೊಡ್ಡ ಅಳತೆಗಳಲ್ಲಿ ಅದರ ನಕಲು ಮಾಡುತ್ತದೆ. ಟೈಮ್ ತಿನ್ನುವುದು ಇದೇ ಕೆಲಸ. ಜೊತೆಗೆ 'ಹಳೇ ವಿಳಾಸ ಇದು, ಹೊಸದು ಇದು' ಅಂತ ಒಂದು ಪಟ್ಟಿ ಬರೆದುಕೊಳ್ಳುತ್ತದೆ. ಫೈಲು ಪೂರ್ತಿ ಮುಗಿದ ಮೇಲೆ, ಕಟ್ಟಕಡೆಗೆ, ಆ ಪಟ್ಟಿ ಹಿಡಿದು ಬರಹಗಳೊಳಗಿನ ವಿಳಾಸ ಬದಲಾಯಿಸುತ್ತದೆ.

ಆ ಪಟ್ಟಿ ಇರುವುದು ಮೆಮೊರಿಯಲ್ಲಿ ಮಾತ್ರ. ಮಧ್ಯದಲ್ಲಿ ಪ್ರಾಸೆಸ್ ಸತ್ತರೆ ಪಟ್ಟಿಯೂ ಹೋಯಿತು. ಮುಂದಿನ ಸಲ ಓಡಿಸಿದಾಗ, ಆಗಲೇ ಬಂದಿರುವ ಚಿತ್ರವನ್ನು 'ಇದು ಇದೆ' ಅಂತ ದಾಟಿಬಿಡುತ್ತದೆ. ದಾಟಿದ್ದನ್ನು ಹೊಸ ಪಟ್ಟಿಗೆ ಸೇರಿಸುವುದಿಲ್ಲ. ಹಾಗಾಗಿ ನನ್ನ ಆರನೇ ಓಟ ಸರಿಯಾಗಿ ಮುಗಿದಾಗ ಅದರ ಪಟ್ಟಿಯಲ್ಲಿ ಇದ್ದದ್ದು ಆ ಆರನೇ ಓಟದ ಚಿತ್ರಗಳು ಅಷ್ಟೇ. ಮೊದಲ ಐದು ಓಟದವು ಹೊಸ ಫೋಲ್ಡರಿನಲ್ಲಿ ಭದ್ರವಾಗಿ ಕೂತಿವೆ, ಆದರೆ ಬರಹಗಳು ಅವುಗಳ ಕಡೆ ತಿರುಗಿಯೂ ನೋಡುತ್ತಿಲ್ಲ. ನಾನು ಜಾಣತನ ಅಂದುಕೊಂಡಿದ್ದು ಇದನ್ನೇ.

ಅವನ್ನೆಲ್ಲ ಸರಿ ಮಾಡಲು ಹತ್ತು ನಿಮಿಷ ಸಾಕಾಯಿತು. ಬರಹಗಳಲ್ಲಿ ಹಳೇ ಡೊಮೇನ್ ಇದ್ದ ಕಡೆ ಹೊಸದನ್ನು ಹಾಕಿದೆ, ಚಿತ್ರಗಳು ಬಂದವು. ಆದರೆ ಮೊದಲ ಎರಡು ವರ್ಷ ನಾನು ಚಿತ್ರಗಳನ್ನು ಎಫ್‌ಟಿಪಿಯಲ್ಲಿ, ಅಂದರೆ ವರ್ಡ್‌ಪ್ರೆಸ್ ಮೂಲಕ ಅಲ್ಲದೆ, ನೇರವಾಗಿ ಸರ್ವರ್‌ನ ಫೋಲ್ಡರಿಗೆ ಹಾಕುತ್ತಿದ್ದೆ. ಅವು ಮೀಡಿಯಾ ಲೈಬ್ರರಿಗೆ ಸೇರಿರಲೇ ಇಲ್ಲ. ಲೈಬ್ರರಿಯಲ್ಲಿ ಇಲ್ಲದ್ದು ಎಕ್ಸ್‌ಪೋರ್ಟ್‌ನಲ್ಲೂ ಇರುವುದಿಲ್ಲ. ಆ ಮುನ್ನೂರು ಇದ್ದದ್ದು ಹಳೇ ಸರ್ವರ್‌ನಲ್ಲಿ ಮಾತ್ರ, ಅದನ್ನು ನಾನೇ ಅಳಿಸಿಯಾಗಿತ್ತು. ಹಳೇ ವೆಬ್ ಪುಟಗಳ ನಕಲು ಕಾಪಾಡುವ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಕೂತು ಒಂದೊಂದೇ ಹುಡುಕಿದೆ. ಎಪ್ಪತ್ತೋ ಎಂಬತ್ತೋ ಸಿಕ್ಕವು.

ಈಗ ನಿಮ್ಮ ವಿಷಯ. ಎರಡೂ ಕಡೆ ವರ್ಡ್‌ಪ್ರೆಸ್ಸೇ ಇದೆ, ಎರಡೂ ಸರ್ವರ್ ನಿಮ್ಮ ಕೈಯಲ್ಲಿದೆ ಅಂದಿರಿ. ಹಾಗಿದ್ದ ಮೇಲೆ ಆ ಎಕ್ಸ್‌ಪೋರ್ಟ್ ಫೈಲ್ ಯಾಕೆ? ಅದು ಬೇರೆಯವರ ಮನೆಯಿಂದ ಸಾಮಾನು ಸಾಗಿಸುವಾಗ, ಒಳಗೆ ಕಾಲಿಡಲು ಬಿಡದಿದ್ದಾಗ ಬಳಸುವ ಕಿಟಕಿ. ನಿಮಗೆ ಬಾಗಿಲೇ ತೆರೆದಿದೆ. ಬರಹಗಳೆಲ್ಲ ಇರುವ ಡೇಟಾಬೇಸನ್ನು ಡಂಪ್ ತೆಗೆಯಿರಿ, ಅಂದರೆ ಪೂರ್ತಿ ಒಂದು ಫೈಲಿಗೆ ಇಳಿಸಿ, ಜಿಜಿಪ್ ಮಾಡಿ ಕುಗ್ಗಿಸಿ, ಎಸ್‌ಎಫ್‌ಟಿಪಿಯಲ್ಲಿ (ಎಫ್‌ಟಿಪಿಯ ಹಾಗೇ, ಆದರೆ ಸುರಕ್ಷಿತ) ಹೊಸ ಸರ್ವರ್‌ಗೆ ಹಾಕಿ, ಅಲ್ಲೇ ಕಮಾಂಡ್ ಲೈನ್‌ನಲ್ಲಿ ಒಳಗೆ ತೆಗೆದುಕೊಳ್ಳಿ. ಡೇಟಾಬೇಸ್ ನೋಡಿಕೊಳ್ಳುವ ಪಿಎಚ್‌ಪಿಮೈಅಡ್ಮಿನ್ ಪುಟದಲ್ಲಿ ಹಾಕಲು ಹೋದರೆ ಮತ್ತೆ ಅದೇ 2 ಎಂಬಿ ಗೋಡೆ, ಯಾಕೆಂದರೆ ಅದೂ ಬ್ರೌಸರ್ ಮೂಲಕವೇ ಹೋಗುವುದು. ಚಿತ್ರಗಳಿರುವ ಅಪ್‌ಲೋಡ್ಸ್ ಫೋಲ್ಡರನ್ನು ಆರ್‌ಸಿಂಕ್ ಅನ್ನುವ ಕಮಾಂಡ್‌ನಲ್ಲಿ ಪೂರ್ತಿ ನಕಲಿಸಿ. ಮಧ್ಯೆ ಕಡಿದುಹೋದರೆ ಅದೇ ಕಮಾಂಡ್ ಮತ್ತೆ ಓಡಿಸಿ, ಬಾಕಿ ಇರುವುದನ್ನು ಮಾತ್ರ ತರುತ್ತದೆ. ಎಫ್‌ಟಿಪಿಯಲ್ಲಿ ಹಾಕಿದ ಅನಾಥ ಚಿತ್ರಗಳೂ ಬರುತ್ತವೆ.

ಡೊಮೇನ್ ಬದಲಾಗುವುದಾದರೆ ಒಂದು ಎಚ್ಚರಿಕೆ. ಡಂಪ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಹಳೇ ವಿಳಾಸ ಹುಡುಕಿ ಹೊಸದನ್ನು ತುಂಬಬೇಡಿ. ವರ್ಡ್‌ಪ್ರೆಸ್ ಎಷ್ಟೋ ಸೆಟ್ಟಿಂಗ್‌ಗಳನ್ನು ಉದ್ದದ ಲೆಕ್ಕದ ಜೊತೆ ಬರೆದಿಡುತ್ತದೆ, ಮುಂದೆ ಬರುವ ಪದ ಇಷ್ಟು ಬೈಟ್ ಅಂತ. ವಿಳಾಸ 23 ಬೈಟಿನಿಂದ 19ಕ್ಕೆ ಇಳಿದು, ಲೆಕ್ಕ ಮಾತ್ರ 23 ಅಂತಲೇ ಉಳಿದರೆ ಆ ಇಡೀ ಸೆಟ್ಟಿಂಗ್ ಓದಲಾಗದೆ ಹೋಗುತ್ತದೆ. ಬ್ಲಾಗಿನ ಪಕ್ಕದ ಪಟ್ಟಿಯ ವಿಜೆಟ್‌ಗಳು ಸುಮ್ನೆ ಮಾಯವಾಗುವುದು ಹೀಗೆ. ಡಬ್ಲ್ಯೂಪಿ-ಸಿಎಲ್‌ಐ ಅನ್ನುವ ವರ್ಡ್‌ಪ್ರೆಸ್ ಕಮಾಂಡ್ ಲೈನ್ ಸಲಕರಣೆಯ ಸರ್ಚ್-ರಿಪ್ಲೇಸ್ ಈ ಲೆಕ್ಕವನ್ನೂ ತಿದ್ದುತ್ತದೆ. ಮೊದಲು ಡ್ರೈ-ರನ್ ಹಾಕಿ ಎಷ್ಟು ಕಡೆ ಬದಲಾಗುತ್ತದೆ ನೋಡಿ, ಆಮೇಲೆ ನಿಜವಾಗಿ ಓಡಿಸಿ.

ಇಲ್ಲ, ನನಗೆ ಕಮಾಂಡ್ ಲೈನ್ ಸಿಗುವುದೇ ಇಲ್ಲ ಅಂತೀರಾ? ಆಗಲೂ ಮಿತಿ ಏರಿಸಬೇಡಿ, ಫೈಲು ಚಿಕ್ಕದು ಮಾಡಿ. ಎಕ್ಸ್‌ಪೋರ್ಟ್ ಪುಟದಲ್ಲಿ 'ಎಲ್ಲ' ಅನ್ನುವುದನ್ನು ಬಿಟ್ಟು 'ಪೋಸ್ಟ್‌ಗಳು' ಆರಿಸಿದರೆ ತಿಂಗಳ ಲೆಕ್ಕದಲ್ಲಿ ತುಂಡು ಮಾಡಬಹುದು. 'ಮೀಡಿಯಾ'ಗೂ ಹಾಗೇ. ಬರಹಗಳನ್ನೆಲ್ಲ ಮೊದಲು ಹಾಕಿ, ಮೀಡಿಯಾ ತುಂಡುಗಳನ್ನು ಆಮೇಲೆ. ಈ ಕ್ರಮ ತಪ್ಪಿಸಬೇಡಿ. ವಿಳಾಸ ಬದಲಾಯಿಸುವ ಕೊನೆಯ ಕೆಲಸ ಆಗ ಡೇಟಾಬೇಸಿನಲ್ಲಿರುವ ಬರಹಗಳ ಮೇಲೆಲ್ಲ ನಡೆಯುತ್ತದೆ. ಬರಹ ಇನ್ನೂ ಬಂದೇ ಇಲ್ಲದಿದ್ದರೆ ಬದಲಾಯಿಸುವುದು ಯಾವುದನ್ನು? ಮೀಡಿಯಾ ತುಂಡು ಎಷ್ಟು ಚಿಕ್ಕದಿರಬೇಕು ಅಂದರೆ ಒಂದೇ ಉಸಿರಿಗೆ ಮುಗಿಯುವಷ್ಟು. ಒಂದು ತುಂಡು ಮಧ್ಯದಲ್ಲಿ ನಿಂತರೆ, ಅದು ತಂದ ಚಿತ್ರಗಳನ್ನು ಅಳಿಸಿ ಆ ತುಂಡನ್ನು ಮೊದಲಿಂದ ಹಾಕಿ. ನನ್ನ ಹಾಗೆ ಮತ್ತೆ ಮತ್ತೆ ಒತ್ತಬೇಡಿ. ಹಾಗೇ ದೊಡ್ಡ ಎಕ್ಸ್‌ಎಂಎಲ್ ಫೈಲನ್ನು ಎಡಿಟರ್‌ನಲ್ಲಿ ತೆರೆದು ಕೈಯಲ್ಲೇ ಅರ್ಧ ಕತ್ತರಿಸುವವರೂ ಇದ್ದಾರೆ. ತಲೆಯ ಭಾಗ ಒಂದು ತುಂಡಿನಲ್ಲಿ, ಕೊನೆಯ ಟ್ಯಾಗ್ ಇನ್ನೊಂದರಲ್ಲಿ, ಎರಡೂ ಕೆಲಸಕ್ಕೆ ಬಾರದವು.

ಯಾವ ದಾರಿ ಹಿಡಿದರೂ, ಹಳೇದನ್ನು ನಿಲ್ಲಿಸುವ ಮೊದಲು ನಿಮ್ಮ ಕಂಪ್ಯೂಟರಿನ ಹೋಸ್ಟ್ಸ್ ಫೈಲಿನಲ್ಲಿ (ಯಾವ ಡೊಮೇನಿಗೆ ಯಾವ ಐಪಿ ವಿಳಾಸ ಅಂತ ಬರೆದಿಡುವ ಫೈಲು) ಹಳೇ ಡೊಮೇನಿನ ಎದುರು 127.0.0.1, ಅಂದರೆ ನಿಮ್ಮದೇ ಕಂಪ್ಯೂಟರಿನ ವಿಳಾಸ, ಬರೆಯಿರಿ. ಬ್ರೌಸರ್ ಕ್ಯಾಷ್ ಖಾಲಿ ಮಾಡಿ, ಹೊಸ ಬ್ಲಾಗ್ ತೆರೆಯಿರಿ. ನಿಮ್ಮ ಕಂಪ್ಯೂಟರಿನ ಮಟ್ಟಿಗೆ ಹಳೇ ಸರ್ವರ್ ಸತ್ತಂತೆ. ಈಗ ಒಡೆದು ಕಾಣುವ ಚಿತ್ರ ಯಾವುದೋ ಅದೇ ನಾಳೆ ಎಲ್ಲರಿಗೂ ಒಡೆದು ಕಾಣುವುದು. ತೀರಾ ಹಳೇ ಬರಹಗಳನ್ನೇ ಜಾಸ್ತಿ ನೋಡಿ, ಮುಖಪುಟ ನೋಡಿ ಸಮಾಧಾನ ಪಟ್ಟುಕೊಳ್ಳಬೇಡಿ. ಡೊಮೇನ್ ಬದಲಾಗದಿದ್ದರೆ ಅದೇ ಸಾಲಿನಲ್ಲಿ 127.0.0.1 ಬದಲು ಹೊಸ ಸರ್ವರ್‌ನ ಐಪಿ ಹಾಕಿ ನೋಡಿ.

ಹಳೇ ಹೋಸ್ಟಿಂಗ್ ಎಂದು ಮುಗಿಯುತ್ತದೆ ಅಂತ ನೀವು ಬರೆದಿಲ್ಲ. ಈ ವಾರದಲ್ಲೇ ಅನ್ನುವುದಾದರೆ ಇಂದೇ ಅಪ್‌ಲೋಡ್ಸ್ ಫೋಲ್ಡರನ್ನು ಹಾಗೇ ನಿಮ್ಮ ಕಂಪ್ಯೂಟರಿಗೆ ಇಳಿಸಿಕೊಂಡುಬಿಡಿ. ಉಳಿದದ್ದನ್ನು ನಾಳೆ ನೋಡಿಕೊಳ್ಳಬಹುದು.