ಹುಡುಗ ನೆಲಕ್ಕೆ ಬಿದ್ದಿದ್ದಾನೆ, ಕೋಚ್ ಕೂಗಾಡುತ್ತಿದ್ದಾರೆ: ಅಂಪೈರ್ ಏನು ಮಾಡಬೇಕು?

ಪ್ರಶ್ನೆ: ಹುಡುಗರ ಕ್ರಿಕೆಟ್ ಪಂದ್ಯಗಳಿಗೆ ಈಗಷ್ಟೇ ಅಂಪೈರಿಂಗ್ ಶುರು ಮಾಡಿದ್ದೇನೆ. ಮೊನ್ನೆ ಬೌನ್ಸರ್ ಹೆಲ್ಮೆಟ್‌ಗೆ ಬಡಿದು ಬ್ಯಾಟ್ಸ್‌ಮನ್ ಕುಸಿದ. ನಾನು ಡೆಡ್ ಬಾಲ್ ಕೊಟ್ಟೆ, ಅಂದರೆ ಆ ಚೆಂಡಿನ ಆಟ ಅಲ್ಲಿಗೇ ಮುಗಿಯಿತು ಅಂದೆ. ಆಮೇಲೆ ಫೀಲ್ಡರ್ ಇನ್ನೊಂದು ತುದಿಯವನನ್ನು ರನೌಟ್ ಮಾಡಿದ. ಔಟ್ ಕೊಡಲಿಲ್ಲ ಅಂತ ಅವರ ಕೋಚ್ ಪಿಚ್‌ವರೆಗೂ ಬಂದು ಜಗಳಕ್ಕೆ ನಿಂತರು. ನನ್ನದು ತಪ್ಪಾ?

ಉತ್ತರ: ಖಂಡಿತ ತಪ್ಪಲ್ಲ. ಗಂಭೀರ ಗಾಯವಾದರೆ ಅಂಪೈರ್ ಡೆಡ್ ಬಾಲ್ ಕೊಡಲೇಬೇಕು ಅಂತ ಕ್ರಿಕೆಟ್‌ನ 20ನೇ ನಿಯಮವೇ ಹೇಳುತ್ತದೆ. ಒಮ್ಮೆ ಡೆಡ್ ಆದ ಚೆಂಡಿಗೆ ಮತ್ತೆ ಜೀವ ಬರುವುದಿಲ್ಲ. ಕೋಚ್‌ಗೆ ಇಷ್ಟೇ ಹೇಳಿ, ಅದೂ ಕ್ಯಾಪ್ಟನ್ ಮೂಲಕ. ಮೈದಾನದಲ್ಲಿ ನೀವು ಮಾತಾಡಬೇಕಾದ್ದು ಕ್ಯಾಪ್ಟನ್ ಜೊತೆ, ತಂಡದ ನಡತೆಗೆ ಅವನೇ ಹೊಣೆ. ಕೋಚ್ ದನಿ ಏರಿಸಿದಷ್ಟೂ ನಿಮ್ಮ ದನಿ ಇಳಿಯಲಿ. "ಮೊದಲು ಹುಡುಗನನ್ನು ನೋಡೋಣ, ನಿಮ್ಮ ಮಾತು ಆಮೇಲೆ ಕೇಳುತ್ತೇನೆ" ಅನ್ನಿ, ಬೇಕಾದರೆ ಇದನ್ನೇ ಮೂರು ಸಲ ಹೇಳಿ. ಅವರು ಹೊರಗೆ ಹೋಗುವವರೆಗೆ ಆಟ ಶುರು ಮಾಡಬೇಡಿ. ಪಂದ್ಯ ಮುಗಿದ ಮೇಲೆ ಇಬ್ಬರೂ ಅಂಪೈರ್‌ಗಳು ಕೂತು ನಡೆದದ್ದನ್ನು ನಡೆದ ಹಾಗೇ ಬರೆದು ಕೊಡಿ. 2022ರ ಐಪಿಎಲ್‌ನಲ್ಲಿ ನೋಬಾಲ್ ವಿಷಯಕ್ಕೆ ಮೈದಾನಕ್ಕಿಳಿದ ಡೆಲ್ಲಿ ತಂಡದ ಸಹಾಯಕ ಕೋಚ್ ಪ್ರವೀಣ್ ಆಮ್ರೆಗೆ ಪೂರ್ತಿ ಪಂದ್ಯ ಶುಲ್ಕ ದಂಡ ಬಿತ್ತು, ಒಂದು ಪಂದ್ಯ ನಿಷೇಧವೂ ಆಯಿತು.

ನನಗೆ ಇದಕ್ಕಿಂತ ಜಾಸ್ತಿ ಚಿಂತೆ ಆ ಹುಡುಗನದು. ಅವನನ್ನು ಎಬ್ಬಿಸಿ ಕೂರಿಸೋಕೆ ಯಾರನ್ನೂ ಬಿಡಬೇಡಿ, ಕುತ್ತಿಗೆಗೂ ಪೆಟ್ಟಾಗಿರಬಹುದು. "ನಾನು ಆರಾಮ ಇದೀನಿ ಸಾರ್" ಅನ್ನುವ ಮಾತನ್ನು ನಂಬಲೂ ಬೇಡಿ. ನನ್ನ ಒಂದು ಪಂದ್ಯದಲ್ಲಿ ಹಾಗೆ ಹೇಳಿದ ಹುಡುಗ ಗ್ಲೌಸ್ ಪಟ್ಟಿ ಹಾಕಿಕೊಳ್ಳಲು ಮತ್ತೆ ಮತ್ತೆ ನೋಡುತ್ತಿದ್ದ, ಬೆರಳಿಗೆ ಪಟ್ಟಿಯೇ ಸಿಗುತ್ತಿರಲಿಲ್ಲ. ಅವನ ಕೋಚ್ ಮಾತ್ರ "ಆಡ್ತಾನೆ, ಆಡ್ತಾನೆ" ಅಂತಿದ್ದರು! ನಾನು ಆಟ ಶುರು ಮಾಡಲಿಲ್ಲ, ಡಾಕ್ಟರ್ ಹತ್ತಿರ ಕಳಿಸಿದ ಮೇಲೆಯೇ ಮುಂದಿನ ಮಾತು ಅಂದೆ. 2019ರಲ್ಲಿ ಲಾರ್ಡ್ಸ್ ಟೆಸ್ಟ್‌ನಲ್ಲಿ ಇಂಗ್ಲೆಂಡ್ ಬೌಲರ್ ಆರ್ಚರ್ ಚೆಂಡು ಕುತ್ತಿಗೆಗೆ ಬಡಿದಾಗ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ತಪಾಸಣೆಯಲ್ಲಿ ಪಾಸಾಗಿ ಮತ್ತೆ ಬ್ಯಾಟಿಂಗ್‌ಗೆ ಬಂದಿದ್ದರು, ತಲೆ ಭಾರ ಕಾಣಿಸಿಕೊಂಡಿದ್ದು ಮರುದಿನ ಬೆಳಗ್ಗೆ. ಅವರ ಬದಲು ಲಬುಶೇನ್ ಆಡಿದರು, ತಲೆಗೆ ಪೆಟ್ಟಾದವರ ಬದಲು ಬ್ಯಾಟಿಂಗ್‌ಗೂ ಇಳಿಯುವ ಬದಲಿ ಆಟಗಾರ ಟೆಸ್ಟ್‌ನಲ್ಲಿ ಅದೇ ಮೊದಲು. ದೊಡ್ಡ ಡಾಕ್ಟರ್‌ಗಳು ಪಕ್ಕದಲ್ಲೇ ಇದ್ದಾಗಲೂ ಹೀಗಾಗುತ್ತೆ ಅಂದ ಮೇಲೆ, ಬೌಂಡರಿ ಆಚೆ ನಿಂತ ಕೋಚ್ ಹೇಗೆ ನಿರ್ಧಾರ ಮಾಡ್ತಾರೆ, ಅಲ್ವಾ?

ಪ್ರಶ್ನೆ: ಗಾಯಗೊಂಡು ಹೊರಗೆ ಹೋದ ಬ್ಯಾಟ್ಸ್‌ಮನ್ ಮತ್ತೆ ಬರಬಹುದಾ?

ಉತ್ತರ: ಬರಬಹುದು. ಆದರೆ ಇನ್ನೊಂದು ವಿಕೆಟ್ ಬಿದ್ದಾಗ, ಇಲ್ಲವೇ ಇನ್ನೊಬ್ಬ ಬ್ಯಾಟ್ಸ್‌ಮನ್ ಔಟಾಗದೆ ರಿಟೈರ್ ಆಗಿ ಹೊರಗೆ ಹೋದಾಗ ಮಾತ್ರ. ತಲೆಗೆ ಪೆಟ್ಟಾಗಿದ್ದರೆ ಅವತ್ತು ಬರದಿರುವುದೇ ಸರಿ, ಎಷ್ಟೇ ರನ್ ಬೇಕಿದ್ದರೂ.